ಹೊಟ್ಟೆಯೊಳಗಿನವರು

ಬೇಕರಿಯವನು ಕೇಕಿಗೆಂದು ಸೇಬು ಸುಲಿದು, ಸಿಪ್ಪೆಯನ್ನೆಲ್ಲ ತಂಗಿಗೆ ಎತ್ತಿಡುತ್ತಿದ್ದ. ಅವಳು ಅದನ್ನು ತನ್ನ ಪ್ರಯೋಗಾಲಯದಲ್ಲಿ ಒಣಗಿಸಿ, ಪುಡಿಮಾಡಿ, ಕೆಲವು ಇಲಿಗಳ ಬೆಣ್ಣೆ ತಿಂಡಿಗೆ ಬೆರೆಸುತ್ತಿದ್ದಳು. ಇಂದು ಅಣ್ಣನನ್ನು ಕರೆಸಿ ತೋರಿಸಿದಳು. ಬರೀ ಬೆಣ್ಣೆ ತಿಂದ ಇಲಿಗಳು ಅವನಂತೆಯೇ ಗುಂಡಗಾಗಿದ್ದವು. ಸಿಪ್ಪೆಯನ್ನೂ ತಿಂದ ಇಲಿಗಳು ತೆಳ್ಳಗಿದ್ದು ಚುರುಕಾಗಿ ಓಡಾಡುತ್ತಿದ್ದವು.

“ಸಿಪ್ಪೆ ಬೊಜ್ಜು ಕರಗಿಸುತ್ತಾ?”

“ಇಲ್ಲಣ್ಣ. ಅದರ ಒಗರು ಕರುಳಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಊಟ. ಅವು ಚೆನ್ನಾಗಿ ತಿಂದ್ರೆ ಬೊಜ್ಜು ಬೆಳೆಯೋಕೆ ಬಿಡಲ್ಲ.”

ಕಸದಲ್ಲಿ ಇಷ್ಟೆಲ್ಲ ಕಂಡ ತಂಗಿಯನ್ನು ಅವನು ಕಣ್ತುಂಬ ನೋಡಿದ. ಆಮೇಲೆ ಡೊಳ್ಳುಹೊಟ್ಟೆ ಸವರಿಕೊಳ್ಳುತ್ತ ಒಳಗಿನವರಿಗೆ ಹೇಳಿದ: “ಇಷ್ಟು ವರ್ಷ ನಿಮ್ಮನ್ನ ಉಪವಾಸ ಕೆಡವಿದೆ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ.”

ತಂಗಿ ಒಂದು ಸಿಪ್ಪೆ ಅವನ ಕೈಗಿಟ್ಟಳು. “ಮೊದಲು ನೀನು ಇದನ್ನ ಹಾಕ್ಕೋ.”