ಐದನೆಯ ಕುರ್ಚಿ

ನಾನು ಒಂದು ತೇಗದ ಕುರ್ಚಿ. ಹಳಿಯಾಳದ ಕಾಡಿನಲ್ಲಿ ನನ್ನನ್ನು ಕೊಡಲಿಯಿಂದ ಕಡಿದರು, ಗರಗಸದಿಂದ ಸೀಳಿದರು, ಬಡಿಗೇರ ಮೌನೇಶಪ್ಪ ಮೈತುಂಬ ಮೊಳೆ ಬಡಿದ. ಪೆಟ್ಟು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಬೆನ್ನಿಗೆ ಐದು ಎಂದು ಬರೆದು ಸೆಷನ್ಸ್ ಕೋರ್ಟಿಗೆ ಕಳಿಸಿದರು. ಊರಿನ ಒಂಬತ್ತು ಗೃಹಸ್ಥರನ್ನು ಚೀಟಿ ಎತ್ತಿ ಆರಿಸಿ, ಖೂನಿ ಕೇಸು ಕೇಳಿಸಿ, ತಪ್ಪು ಹೌದೋ ಅಲ್ಲವೋ ಎಂದು ಅವರಿಂದಲೇ ಹೇಳಿಸುತ್ತಿದ್ದ ಕಾಲವದು. ಅವರಿಗೆ ಜೂರಿ ಎನ್ನುತ್ತಿದ್ದರು. ಎಂಥೆಂಥವರನ್ನೋ ಹೊತ್ತೆ. ಗೊರಕೆ ಹೊಡೆದವರಿದ್ದರು, ಗಾಳಿ ಬಿಟ್ಟು ಪಕ್ಕದವನ ಮುಖ ನೋಡಿದವರೂ ಇದ್ದರು. ಕೆಳಗಿದ್ದವರಿಗೆ ಎಲ್ಲ ಗೊತ್ತಾಗುತ್ತದೆ.

ಕಲ್ಲವ್ವನ ಕೇಸಿಗೆ ನನ್ನ ಪಾಲಿಗೆ ಬಂದವರು ಗುರುಪಾದಯ್ಯ ಮಾಸ್ತರರು. ಕಾಲುವೆ ನೀರಿನ ಜಗಳದಲ್ಲಿ ಶಂಕರಗೌಡನೆಂಬವನು ಅವಳ ಒಬ್ಬನೇ ಮಗನನ್ನು ಕಡಿದಿದ್ದ. ಕಣ್ಣಾರೆ ಕಂಡವಳು ಅವಳೊಬ್ಬಳೇ.

"ಮೊದಲ ಏಟಿಗೆ ತೋಳು ಬಿತ್ತರಿ. ಯವ್ವಾ, ತೋಳು ಎತಗೋ ಅಂದ. ಎತಗೊಂಡೆ. ಅಷ್ಟರಾಗ ಗೌಡ ಕುತಗಿಗಿ ಇನ್ನೊಂದು ಹಾಕಿದಾ."

ಅಷ್ಟು ಹೇಳಿ ಕಟಕಟೆಯಲ್ಲೇ ಕುಸಿದಳು. ಮಾಸ್ತರರ ಬೆವರು ನನ್ನ ಕೈಗಳಿಗೆ ಅಂಟಿತು.

ಒಬ್ಬ ಜೂರಿ ತಪ್ಪಿದರೆ ಹೊಸಬನನ್ನು ಕೂರಿಸಿ ಕೇಸನ್ನು ಮೊದಲಿನಿಂದ ನಡೆಸಬೇಕು, ಅದು ಕಾಯಿದೆ. ಕಲ್ಲವ್ವ ಇನ್ನೊಮ್ಮೆ ಇದನ್ನೆಲ್ಲ ಹೇಳಲಾರಳು ಎಂದು ಶಂಕರಗೌಡನ ಕಡೆಯವರು ಲೆಕ್ಕ ಹಾಕಿದರು. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ, ಕೋರ್ಟಿನ ಹಿಂದಿನ ಹುಣಸೆಮರದಡಿ ಮಾಸ್ತರರ ಹೊಟ್ಟೆಗೆ ಚೂರಿ ಹಾಕಿದರು.

ಮಾಸ್ತರರು ದವಾಖಾನೆಗೆ ಹೋಗಲಿಲ್ಲ. ಧೋತರವನ್ನು ಗಾಯಕ್ಕೆ ಒತ್ತಿಕೊಂಡು ಬಂದು ನನ್ನ ಮೇಲೆ ಕೂತರು. ಬಿಸಿ ನೆತ್ತರು ಬೆತ್ತದ ಹೆಣಿಗೆಯಿಂದ ಸೋರಿ ನನ್ನ ಕಾಲಿಗಿಳಿಯಿತು. ಪಕ್ಕದವರು ಚೀರಿದರು. ಮಾಸ್ತರರು ಜಡ್ಜರಿಗೆ ಹೇಳಿದರು:

"ನಾ ಅದೀನ್ರಿ ಸಾಹೇಬ್ರ. ಕೇಸು ನಡಸ್ರಿ. ಆ ತಾಯಿ ಕಡಿಂದ ಮತ್ತ ಹೇಳಸಬ್ಯಾಡ್ರಿ."

ನನ್ನನ್ನು ಹಿಡಿದಿದ್ದ ಅವರ ಬೆರಳು ಬಿಡಿಸಲು ಇಬ್ಬರು ಪೊಲೀಸರು ಬೇಕಾದರು. ಸಂಜೆಯೊಳಗೆ ಅವರು ತೀರಿಹೋದರು. ಅವರು ಜಡ್ಜರಿಗೆ ಹೇಳಿದ ಮಾತು ಊರಿಗೆಲ್ಲ ಹಬ್ಬಿ ಕಲ್ಲವ್ವನ ಕಿವಿಗೂ ಬಿತ್ತು.

ಮತ್ತೆ ಚೀಟಿ ಎತ್ತಿದರು. ಅರಿವೆ ಅಂಗಡಿಯ ಕರಬಸಪ್ಪನ ಹೆಸರು ಬಂತು. ಜವಾನ ನನ್ನನ್ನು ಮೂರು ಸಲ ತೊಳೆದಿದ್ದ, ಆದರೆ ಮರ ಕುಡಿದದ್ದು ಹೋಗುತ್ತದೆಯೇ? ಕರಬಸಪ್ಪ ತುದಿಯಲ್ಲಿ ಕೂತ. ಅವನ ನಡುಕಕ್ಕೆ ನನ್ನ ಕೀಲುಗಳು ಕಿರಗುಟ್ಟಿದವು.

ಕಲ್ಲವ್ವ ಮತ್ತೆ ಕಟಕಟೆ ಹತ್ತಿದಳು. ತೋಳು ಎಂಬಲ್ಲಿಗೆ ಬಂದು ನಿಂತುಬಿಟ್ಟಳು. ಗೌಡನ ವಕೀಲ ನಕ್ಕ.

"ಸಾಕ್ಷಿಗೆ ಏನೂ ನೆನಪಿಲ್ಲಂತ ಬರಕೋಬೇಕ್ರಿ ಸಾಹೇಬ್ರ."

ಆಗ ಅವಳ ಕಣ್ಣು ನನ್ನ ಕಾಲಿನ ಕಪ್ಪು ಕಲೆಯ ಮೇಲೆ ಬಿತ್ತು.

"ಅದು ಮಾಸ್ತರರದೇನ್ರಿ?"

ಆ ಅಂಜುಬುರುಕ ಕರಬಸಪ್ಪನೇ ಮೆಲ್ಲಗೆ, "ಹೌದವಾ" ಎಂದ.

ಕಲ್ಲವ್ವ ಸೆರಗು ಬಿಗಿದು ಕಟ್ಟಿ ಹೇಳಿದಳು. ತೋಳು, ಕುತ್ತಿಗೆ, ಎತ್ತಿಕೊಂಡ ತೋಳಿನಲ್ಲಿ ಬೆರಳು ಇನ್ನೂ ಮಿಸುಕುತ್ತಿದ್ದದ್ದು, ಒಂದನ್ನೂ ಬಿಡಲಿಲ್ಲ. ಕರಬಸಪ್ಪ ಹಿಂದೆ ಸರಿದು ನನಗೆ ಬೆನ್ನು ಆನಿಸಿ ಕೂತ. ಅವನ ನಡುಕ ನಿಂತಿತ್ತು.

ಒಂಬತ್ತೂ ಜನ ತಪ್ಪಿತಸ್ಥ ಎಂದರು. ಗೌಡನಿಗೆ ಗಲ್ಲಾಯಿತು. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಜೂರಿ ಪದ್ಧತಿಯೇ ಹೋಯಿತು. ನನ್ನನ್ನು ಹಳೆಯ ಕಡತಗಳ ಕೋಣೆಗೆ ನೂಕಿದರು. ಬೆತ್ತ ಹರಿದಿದೆ, ಒಂದು ಕಾಲು ಗೆದ್ದಲಿನ ಪಾಲು. ಮೊನ್ನೆ ಗುಮಾಸ್ತನೊಬ್ಬ ಧೂಳು ಕೊಡವಿ ಆ ಕೇಸಿನ ಕಾಗದವನ್ನು ಗಟ್ಟಿಯಾಗಿ ಓದಿದ: "ಐದನೆಯ ಜೂರಿ ಗೈರುಹಾಜರಾದ ಕಾರಣ ಬೇರೊಬ್ಬರನ್ನು ನೇಮಿಸಲಾಯಿತು."

ಗೈರುಹಾಜರಂತೆ. ಕಾಗದಕ್ಕೇನು ಗೊತ್ತು? ಮಾಸ್ತರರು ಬಂದಿದ್ದರು. ನನ್ನ ಮೇಲೆ ಕೂತಿದ್ದರು.