ಒತ್ತಿ ಹಿಡಿದರೆ ಬರುವ ಮಾತು

ನೋವಿ ಸಾದ್ ಊರಿನ ಲಿಮಾನ್ ಬಡಾವಣೆಯಲ್ಲಿದ್ದ ವುಕಾಶಿನ್‌ಗೆ ಒಂದು ಹೆಮ್ಮೆ ಇತ್ತು. ಅವನ ಕೀಬೋರ್ಡನ್ನು ಅವನನ್ನು ಬಿಟ್ಟು ಬೇರೆ ಯಾವ ಮನುಷ್ಯನೂ ಬಳಸಲಾರ. ಅದರಲ್ಲಿದ್ದದ್ದು ಹದಿನೆಂಟೇ ಕೀ, ಒಂದರ ಮೇಲೂ ಅಕ್ಷರವಿಲ್ಲ. ಲೋಕಕ್ಕೆಲ್ಲ ನೂರು ಕೀ ಬೇಕಾದರೆ ಇವನಿಗೆ ಹದಿನೆಂಟು ಸಾಲುತ್ತಿದ್ದುದು ಪದರಗಳ ದೆಸೆಯಿಂದ. ಹೆಬ್ಬೆರಳಿನ ಕೆಳಗಿನ ಒಂದು ಕೀ ಒತ್ತಿ ಹಿಡಿದರೆ ಉಳಿದವೆಲ್ಲ ಅಕ್ಷರವಾಗಿದ್ದದ್ದು ಬಿಟ್ಟು ಅಂಕಿಗಳಾಗುತ್ತಿದ್ದವು. ಪಕ್ಕದ್ದನ್ನು ಹಿಡಿದರೆ ಅವೇ ಮತ್ತೆ ಚಿಹ್ನೆಗಳು. ಒಂದೇ ಕೀ ತಟ್ಟಿದರೆ ಒಂದು, ಒತ್ತಿ ಹಿಡಿದರೆ ಇನ್ನೊಂದು, ಎರಡು ಸಲ ತಟ್ಟಿದರೆ ಮತ್ತೊಂದು. ಬಡ ನಾಟಕ ಕಂಪನಿಯಲ್ಲಿ ಒಬ್ಬನೇ ನಟ ಟೋಪಿ ಬದಲಿಸಿ ರಾಜನೂ ಆಗುತ್ತಾನಲ್ಲ, ಸೇವಕನೂ ಆಗುತ್ತಾನಲ್ಲ, ಹಾಗೆ.

ಅವನ ಹೆಂಡತಿ ದೇಸಾಂಕಾ ಸಂಗೀತ ಶಾಲೆಯಲ್ಲಿ ಪಿಯಾನೊ ಕಲಿಸುವವಳು. ಮದುವೆಗೆ ಅವಳ ಅಜ್ಜಿ ಕೊಟ್ಟ ಹಳೆಯ ಪಿಯಾನೊ ನಡುಮನೆಯ ಗೋಡೆಗೆ ಆತುಕೊಂಡಿತ್ತು. ಗಂಡ ಪದರಗಳ ಮಹಿಮೆಯನ್ನು ವಿವರಿಸಿದ ದಿನ ಅವಳು ಪೂರ್ತಿ ಕೇಳಿಸಿಕೊಂಡು, "ನಂದ್ರಲ್ಲಿ ಎಂಬತ್ತೆಂಟು ಕೀ ಇದೆ ಕಣೋ ವೂಲೆ. ಎಲ್ಲಾ ಇಟ್ಟಲ್ಲೇ ಇರುತ್ತೆ, ಯಾವುದೂ ವೇಷ ಹಾಕಲ್ಲ. ಆದ್ರೂ ಬದುಕಿದೀನಿ ನೋಡು," ಅಂದಿದ್ದಳು.

ವುಕಾಶಿನ್ ಒಂದು ಪೀಠೋಪಕರಣ ಕಂಪನಿಯ ಗೋದಾಮಿಗೆ ಮನೆಯಲ್ಲೇ ಕೂತು ಪ್ರೋಗ್ರಾಂ ಬರೆಯುತ್ತಿದ್ದ. ಕೂರುತ್ತಿದ್ದದ್ದು ಉಗ್ರಾಣದ ಕೋಣೆಯಲ್ಲಿ. ಅಲ್ಲಿದ್ದ ಕೆಂಪು ಮೆಣಸಿನ ಚಟ್ನಿಯ ಜಾಡಿಗಳು ಬಾಲ್ಕನಿಗೆ ಹೋಗಿ, ಆ ಜಾಗಕ್ಕೆ ಬೆಸುಗೆ ಕಡ್ಡಿ, ತಂತಿ, ಬಿಚ್ಚಿ ಹಾಕಿದ ಕೀಬೋರ್ಡುಗಳು ಬಂದಿದ್ದವು. ಬೆಸುಗೆ ಹಾಕುವಾಗ ಯಾರಾದರೂ ಬಾಗಿಲು ತೆರೆದರೆ ಅವನು ತಿರುಗಿ ನೋಡದೆ ಒಂದು ಬೆರಳು ಎತ್ತುತ್ತಿದ್ದ. ಹಾಗಾಗಿ ದೇಸಾಂಕಾ ಪಕ್ಕದ ಕೋಣೆಯಿಂದಲೇ ಫೋನಿನಲ್ಲಿ ಬರೆದು ಕಳಿಸುವ ಅಭ್ಯಾಸ ಮಾಡಿಕೊಂಡಳು. ಒಂದೇ ಮನೆಯೊಳಗೆ ಗಂಡ ಹೆಂಡಿರ ಮಾತು ಉಪಗ್ರಹ ಸುತ್ತಿ ಬರುವುದು ನಾಗರಿಕತೆಯ ಲಕ್ಷಣವೇ ಇರಬೇಕು.

ಇಷ್ಟಾದರೂ ವುಕಾಶಿನ್ ಸುಖಿಯಾಗಿರಲಿಲ್ಲ, ಅದಕ್ಕೆ ಕಾರಣ ಸಂಘ. ಪ್ರತಿ ತಿಂಗಳು ಮೊದಲ ಭಾನುವಾರ ಮೀನು ಮಾರುಕಟ್ಟೆಯ ಹತ್ತಿರದ ಕಾಫಿ ಅಂಗಡಿಯ ಮಹಡಿಯಲ್ಲಿ ಕೀಬೋರ್ಡ್ ಹುಚ್ಚಿನವರೆಲ್ಲ ಸೇರುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಕೀಬೋರ್ಡನ್ನು ಮೇಜಿನ ಮೇಲಿಟ್ಟು ಕರವಸ್ತ್ರ ಮುಚ್ಚುವುದು, ಸಂಘದ ಹಿರಿಯ ಸ್ವೆಟೊಜಾರ್ ಕೆಮ್ಮಿದ ಕೂಡಲೇ ಒಟ್ಟಿಗೆ ತೆಗೆಯುವುದು. ಯಾರದರಲ್ಲಿ ಹೆಚ್ಚು ಕೀ ಇದೆಯೋ ಅವನು ಆ ದಿನ ಕೂರುವಂತಿಲ್ಲ. ಮನೆತನದ ಸಂತನ ಹಬ್ಬದಂದು ಯಜಮಾನ ನಿಂತೇ ಅತಿಥಿಗಳಿಗೆ ಬಡಿಸುತ್ತಾನಲ್ಲ, ಹಾಗೆ ನಿಂತು ಎಲ್ಲರಿಗೂ ಕಾಫಿ, ರಾಕಿಯಾ ಎಂಬ ಹಣ್ಣಿನ ಸಾರಾಯಿ ಸುರಿಯಬೇಕು. ಹಬ್ಬದಲ್ಲಿ ಅದು ಗೌರವ, ಇಲ್ಲಿ ಅದೇ ಅವಮಾನ. ಹದಿನೆಂಟಕ್ಕೆ ಇಳಿದ ಮೇಲೂ ವುಕಾಶಿನ್ ಸುರಿಯುತ್ತಲೇ ಇದ್ದ, ಏಕೆಂದರೆ ಉಳಿದವರು ಹದಿನಾರಕ್ಕೆ ಇಳಿದಿದ್ದರು.

ಈ ಸ್ವೆಟೊಜಾರ್ ವೃತ್ತಿಯಲ್ಲಿ ದಂತವೈದ್ಯ. ಹಲ್ಲು ಕೀಳುವುದಕ್ಕೂ ಕೀ ಕಡಿಮೆ ಮಾಡುವುದಕ್ಕೂ ಬೇಕಾದದ್ದು ಒಂದೇ ಕೈಗುಣ ಎಂದು ಅವನ ನಂಬಿಕೆ. ಇವರೆಲ್ಲ ಇಷ್ಟು ಕಷ್ಟಪಟ್ಟು ಮಾಡಿದ ಕೀಬೋರ್ಡಿನಲ್ಲಿ ಬರೆಯುವುದಾದರೂ ಏನನ್ನು ಎಂದು ಆ ಮಹಡಿಯಲ್ಲಿ ಯಾರೂ ಕೇಳಿದ್ದಿಲ್ಲ. ಬಹುಪಾಲು ಬರೆಯುತ್ತಿದ್ದದ್ದು ತಮ್ಮ ಕೀಬೋರ್ಡ್ ಹೇಗೆ ನಡೆದುಕೊಳ್ಳಬೇಕು ಎಂಬ ಸೂಚನೆಗಳನ್ನೇ.

"ಗುರುವೇ, ಇನ್ನು ಕಿತ್ತರೆ ನನಗೆ ಅಲ್ಪವಿರಾಮನೂ ಉಳಿಯಲ್ಲ," ಎಂದು ವುಕಾಶಿನ್ ಒಮ್ಮೆ ಲೋಟ ತುಂಬುತ್ತಾ ಗೋಳಾಡಿದ.

"ಅಕ್ಷರ ಎಣಿಸ್ತೀಯ, ಅದೇ ನಿನ್ನ ರೋಗ," ಅಂದ ಸ್ವೆಟೊಜಾರ್. "ಒಂದು ತಿಂಗಳು ನೀನು ಏನೇನು ಹೊಡೀತೀಯ ಅಂತ ಮಷೀನಿಗೆ ಬರೆದಿಟ್ಕೊಳ್ಳೋಕೆ ಹೇಳು. ಯಾವ ಮಾತು ದಿನಾ ಬರುತ್ತೋ ಅದನ್ನ ಇಡಿಯಾಗಿ ಒಂದು ಕೀಗೆ ಕಟ್ಟಿಬಿಡು. ಹೊಡೆಯೋದೇ ಕಡಿಮೆಯಾದ್ರೆ ಕೀ ತಾನಾಗೇ ಉದುರುತ್ತೆ."

ವುಕಾಶಿನ್ ಹಾಗೇ ಮಾಡಿದ. ತಿಂಗಳು ಮುಗಿದಾಗ ಅವನಿಗೇ ಬೆರಗಾಯಿತು. ಅವನ ಬೆರಳು ಎಲ್ಲಕ್ಕಿಂತ ಹೆಚ್ಚು ಹೊಡೆದದ್ದು ಗೋದಾಮಿನ ಪ್ರೋಗ್ರಾಮನ್ನಲ್ಲ, ಹೆಂಡತಿಗೆ ಕೊಡುವ ಉತ್ತರಗಳನ್ನು. ಅದೂ ಮೂರೇ ಮೂರು. ಮೂರನ್ನೂ ಎಡ ಹೆಬ್ಬೆರಳಿನ ಕೀಗೆ ಕಟ್ಟಿದ. ಒಮ್ಮೆ ತಟ್ಟಿದರೆ, "ಬಂದೆ ಚಿನ್ನ." ಎರಡು ಸಲ ತಟ್ಟಿದರೆ, "ತುಂಬಾ ರುಚಿಯಾಗಿತ್ತು ಚಿನ್ನ." ಒತ್ತಿ ಹಿಡಿದರೆ, "ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು ಚಿನ್ನ." ಸಂಸಾರ ಒಂದು ಹೆಬ್ಬೆರಳಿನ ಅಡಿಗೆ ಬಂತು. ಆ ಸಂತೋಷಕ್ಕೆ ದೇಸಾಂಕಾಳ ಹುಟ್ಟುಹಬ್ಬಕ್ಕೂ ಒಂದು ಕೀಬೋರ್ಡ್ ಮಾಡಿಕೊಟ್ಟ. ಅದರಲ್ಲಿದ್ದದ್ದು ಒಂದೇ ಕೀ, ಬಿಸ್ಕತ್ತಿನಷ್ಟು ಅಗಲ. ತಟ್ಟಿದರೆ "ಅಡುಗೆ ಆಗಿದೆ" ಎಂದು ಬರೆಯುತ್ತಿತ್ತು. ಅವಳು ಅದನ್ನು ಕಾಫಿ ಪಾತ್ರೆಯ ಕೆಳಗೆ ಇಡಲು ಬಳಸಿಕೊಂಡಳು.

ಮೊದಮೊದಲು ಅವಳಿಗೂ ಖುಷಿಯಾಯಿತು. ಹಿಂದೆಲ್ಲ ಗಂಟೆಗಟ್ಟಲೆ ಕಾಯಿಸುತ್ತಿದ್ದ ಗಂಡ ಈಗ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತಿದ್ದ, ಅದೂ ಚಿನ್ನ ಎಂದು ಸೇರಿಸಿ. ಅವಳು ಹಾಡಿಕೊಂಡು ಓಡಾಡುವುದು ಬಾಗಿಲಾಚೆ ಕೇಳಿಸುತ್ತಿತ್ತು. ವುಕಾಶಿನ್‌ಗೂ ನೆಮ್ಮದಿ. ಪರದೆಯ ಮೂಲೆಯಲ್ಲಿ ಅವಳ ಹೆಸರು ಮಿನುಗಿದರೆ ಹೆಬ್ಬೆರಳು ತಾನಾಗೇ ಕೆಲಸ ಮುಗಿಸುತ್ತಿತ್ತು. ಬಂದದ್ದನ್ನು ಓದುವ ಅಗತ್ಯವೂ ಇರಲಿಲ್ಲ. ಮಾತು ಉದ್ದವಾಗಿದ್ದರೆ ಒತ್ತಿ ಹಿಡಿಯುವುದು, ಚಿಕ್ಕದಾಗಿದ್ದರೆ ತಟ್ಟುವುದು, ತಿಂಡಿ ಊಟದ ಹೆಸರು ಕಂಡರೆ ಎರಡು ಸಲ ತಟ್ಟುವುದು, ಇದು ಅವನ ಲೆಕ್ಕ.

ಚಳಿಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ ಬಾಗಿಲು ತೆರೆಯಿತು. ಅವನು ಬೆರಳು ಎತ್ತಿದ. ಬಾಗಿಲು ಸ್ವಲ್ಪ ಹೊತ್ತು ತೆರೆದೇ ಇದ್ದು ಮುಚ್ಚಿಕೊಂಡಿತು. ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಬಲು ಉದ್ದದ ಮಾತು ಮಿನುಗಿತು. ಕೋಟರ್ ಎಂಬ ಊರಿನ ಹೆಸರೊಂದು ಅವನ ಕಣ್ಣಿಗೆ ಬಿತ್ತು. ಕೋಟರ್ ಎಂದರೆ ಸಮುದ್ರ, ಸಮುದ್ರ ಎಂದರೆ ಬೇಸಿಗೆ ರಜೆ. ಹೋಟೆಲಿನ ವಿಚಾರವಿರಬೇಕು ಎಂದುಕೊಂಡು ಹೆಬ್ಬೆರಳು ಒತ್ತಿ ಹಿಡಿದ. ಅವತ್ತು ಅವನು ಹದಿನಾಲ್ಕು ಕೀಗೆ ಇಳಿಯುವ ದಾರಿ ಕಂಡುಕೊಂಡಿದ್ದ. ಎರಡು ಕೀಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದರ ಕೆಲಸ ಆಗುವ ಉಪಾಯ. ತಲೆ ತುಂಬ ಅದೇ ಇತ್ತು.

ಮುಂದಿನ ಸಂಘದ ದಿನ ಸ್ವೆಟೊಜಾರ್ ಕೆಮ್ಮಿದ, ಕರವಸ್ತ್ರಗಳು ಹಾರಿದವು. ವುಕಾಶಿನ್‌ನ ಮುಂದೆ ಹದಿನಾಲ್ಕು ಕೀ ಮಾತ್ರ ಇದ್ದವು. ದಂತವೈದ್ಯ ಕನ್ನಡಕ ತೆಗೆದು ಒರೆಸಿಕೊಂಡ. "ಹೆಂಡತಿಗೆ ಉತ್ತರ ಎಲ್ಲಿಂದ ಕೊಡ್ತೀಯೋ?" ಎಂದು ಯಾರೋ ಕೇಳಿದರು. ವುಕಾಶಿನ್ ಹೆಬ್ಬೆರಳು ಎತ್ತಿ ತೋರಿಸಿದ, ಎಲ್ಲರೂ ನಕ್ಕರು. ಉಳಿದವರೆಲ್ಲ ಹದಿನಾರರಲ್ಲೇ ಇದ್ದರು; ಆ ದಿನ ಅವನು ಕೂತ, ಹಿರಿಯನೆಂದು ಸ್ವೆಟೊಜಾರ್ ನಿಂತು ಸುರಿದ. ಮದುವೆಯ ದಿನವೂ ತನಗೆ ಇಷ್ಟು ಹಿಗ್ಗಾಗಿರಲಿಲ್ಲ ಎಂದು ಅವನಿಗೆ ಅನಿಸಿತು, ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟ.

ಮನೆಗೆ ಬಂದರೆ ನಡುಮನೆ ದೊಡ್ಡದಾಗಿ ಕಂಡಿತು. ಗೋಡೆಯ ಪಕ್ಕ ಮರದ ನೆಲದ ಮೇಲೆ ಒಂದು ಚೌಕ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಪಿಯಾನೊ ಇರಲಿಲ್ಲ. ಅಡುಗೆಮನೆಯಲ್ಲಿ ದೇಸಾಂಕಾ ಕೋಟು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಳು, ಕಾಲ ಬಳಿ ಸೂಟ್‌ಕೇಸ್. ಅವಳ ತಮ್ಮ ಮಿಲೋಯೆ ಕಿಟಕಿಯಿಂದ ಕೆಳಗೆ ನಿಲ್ಲಿಸಿದ್ದ ವ್ಯಾನ್ ನೋಡುತ್ತಿದ್ದ.

"ಪಿಯಾನೊ ಎಲ್ಲಿ?"

"ಗುರುವಾರಾನೇ ಹೋಯ್ತು. ಕೋಟರ್‌ಗೆ," ಅಂದಳು ದೇಸಾಂಕಾ. "ಆಳುಗಳು ಬಂದಿದಾರೆ, ಒಂದು ಕೈ ಹಿಡಿ ಬಾ ಅಂತ ಬರೆದೆ. ಬಂದೆ ಚಿನ್ನ ಅಂದೆ ನೀನು. ಬರ್ಲಿಲ್ಲ."

"ನನಗ್ಯಾರೂ ಹೇಳ್ಲೇ ಇಲ್ಲ!"

ಅವಳು ಫೋನನ್ನು ಮೇಜಿನ ಮೇಲೆ ಅವನತ್ತ ಸರಿಸಿದಳು. ವುಕಾಶಿನ್ ನಿಂತುಕೊಂಡೇ ಓದಿದ. ಕೋಟರ್‌ನ ಸಂಗೀತ ಶಾಲೆಯವರು ಕರೆಯುತ್ತಿದ್ದಾರೆ, ಇರಲು ಮನೆಯನ್ನೂ ಕೊಡುತ್ತಾರೆ. ನನಗೆ ಹೋಗಬೇಕು ಅಂತೇನೂ ಇಲ್ಲ. ಆದರೆ ಈ ಮನೆಯಲ್ಲಿ ನಾನು ಯಾರ ಜೊತೆ ಇದ್ದೀನಿ ಅಂತ ಗೊತ್ತಾಗುತ್ತಿಲ್ಲ ವೂಲೆ. ಬೇಡ ಅಂತ ಒಂದು ಮಾತು ಹೇಳು, ಸಾಕು, ಹೋಗಲ್ಲ. ಅದರ ಕೆಳಗೆ, ಅದೇ ನಿಮಿಷದಲ್ಲಿ, ಅವನ ಉತ್ತರವಿತ್ತು. ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು ಚಿನ್ನ.

"ಇದು ನಾನಲ್ಲ ದೇಸಾ. ಇದು ಕೀ."

"ಕೀ ಮೇಲಿದ್ದ ಹೆಬ್ಬೆರಳು ಯಾರದು ಭಾವ, ಪಕ್ಕದ್ಮನೆಯವ್ರದಾ?" ಅಂದ ಮಿಲೋಯೆ.

"ಅದನ್ನ ಓದಿ ಮೊದಲ ದಿನ ಅಳ್ತಾ ಕೂತೆ," ಅಂದಳು ದೇಸಾಂಕಾ. "ಎರಡನೇ ದಿನ ಅನುಮಾನ ಬಂತು. ಮನೆಗೆ ಬೆಂಕಿ ಬಿದ್ದಿದೆ ಅಂತ ಬರೆದೆ. ಬಂದೆ ಚಿನ್ನ ಅಂತ ಬಂತು, ನೀನು ಬರ್ಲಿಲ್ಲ. ನಿನ್ನ ಕೀಬೋರ್ಡುಗಳನ್ನ ಬೀನ್ಸ್ ಜೊತೆ ಬೇಯಿಸಿದೀನಿ ಅಂದೆ. ತುಂಬಾ ರುಚಿಯಾಗಿತ್ತು ಚಿನ್ನ ಅಂತ ಬಂತು. ಇನ್ನೇನು ಕೇಳ್ಲಿ ನಿನ್ನ?"

ವುಕಾಶಿನ್ ಬಾಯಿ ತೆರೆದ. ಬೇಡ, ಹೋಗಬೇಡ ಎನ್ನಬೇಕಿತ್ತು, ಎರಡೇ ಮಾತು. ಎದೆಯಲ್ಲಿದ್ದದ್ದು ನಾಲಿಗೆಗೆ ಬರಲಿಲ್ಲ. ಯಾವ ಪದರದಲ್ಲಿಟ್ಟಿದ್ದೇನೆ ಎಂದು ಮರೆತವನಂತೆ ನಿಂತ. ದೇಸಾಂಕಾ ಕಾದಳು. ಲೋಟ ಖಾಲಿಯಾದ ಮೇಲೂ ಅದನ್ನು ಕೆಳಗಿಡದೆ ಕಾದಳು. ಆಮೇಲೆ ಕಾಫಿ ಪಾತ್ರೆ ಎತ್ತಿ, ಕೆಳಗಿದ್ದ ಒಂದೇ ಕೀಯ ಕೀಬೋರ್ಡನ್ನು ಒರೆಸಿದಳು.

"ಹೋಗೋ ಮುಂಚೆ ಒಂದು ಕೇಳ್ತೀನಿ. ಇದರೊಳಗಿನ ಮಾತು ಬದಲಾಯಿಸೋದು ಹೇಗೆ?"

ಹಾಳಾದವನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಕೀಬೋರ್ಡಿನ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಸ್ಟೂಲು ಎಳೆದುಕೊಂಡ, ಕಂಪ್ಯೂಟರ್ ತಂದ, ತಂತಿ ಚುಚ್ಚಿದ. ತಟ್ಟುವುದು ಬೇರೆ, ಹಿಡಿಯುವುದು ಬೇರೆ ಎಂದು ವಿವರಿಸಿದ. ಎಷ್ಟು ಹೊತ್ತು ಹಿಡಿದರೆ ಹಿಡಿದಂತೆ ಎಂದು ಅವಳ ಬೆರಳಿಗೆ ತಕ್ಕಂತೆ ಹದ ಮಾಡಿಕೊಟ್ಟ. "ಅವಸರ ಮಾಡ್ಬೇಡ, ಕೊಂಚ ತಡೆದು ಬಿಡು, ಆಗ ತಪ್ಪಲ್ಲ," ಎಂದು ಅವಳ ಕೈ ಹಿಡಿದು ಕಲಿಸಿದ. ಅವಳ ಕೈ ಹಿಡಿದು ಎಷ್ಟು ಕಾಲವಾಗಿತ್ತು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ದೇಸಾಂಕಾ ಅವನ ಮುಖವನ್ನೇ ನೋಡುತ್ತಿದ್ದಳು. ಮಿಲೋಯೆ ಮಾತ್ರ ತಡೆಯಲಾರದೆ, "ಅಕ್ಕಾ, ನಾನು ಕೆಳಗಿರ್ತೀನಿ, ನನ್ನ ಕೈಲಿ ಇದನ್ನ ನೋಡಕ್ಕಾಗಲ್ಲ," ಎಂದು ಸೂಟ್‌ಕೇಸ್ ಹೊತ್ತು ಹೊರಟುಹೋದ.

ಪಾಠ ಮುಗಿಯಿತು. ಅವಳು ಕೀಬೋರ್ಡನ್ನು ಕೈಚೀಲಕ್ಕೆ ಹಾಕಿಕೊಂಡು ಗಂಡನ ಹಣೆಗೆ ಮುತ್ತಿಟ್ಟು ಮೆಟ್ಟಿಲಿಳಿದಳು. ವ್ಯಾನ್ ಹೊರಟ ಸದ್ದು ಕೇಳಿದಾಗಲೇ ವುಕಾಶಿನ್‌ಗೆ ತಾನು ಏನು ಮಾಡಿದೆ ಎಂಬುದು ತಿಳಿದದ್ದು.

ಹದಿನಾಲ್ಕು ಕೀಗಳ ಮುಂದೆ ಕೂತು ಅವನು ಅವಳಿಗೆ ಬರೆಯಲು ನೋಡಿದ. ಹೆಬ್ಬೆರಳು ಮುಟ್ಟಿದಲ್ಲೆಲ್ಲ ಚಿನ್ನ, ಚಿನ್ನ ಎಂದೇ ಬರುತ್ತಿತ್ತು. ಕೊನೆಗೆ ಅಟ್ಟದ ಮೇಲಿಂದ ಹಳೆಯ ಕೀಬೋರ್ಡ್ ಇಳಿಸಿದ. ನೂರು ಕೀ, ಎಲ್ಲದರ ಮೇಲೂ ಅಕ್ಷರ, ಎಲ್ಲವೂ ಇಟ್ಟಲ್ಲೇ. ಅದರಲ್ಲಿ ಒಂದೊಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಬರೆದ. ಅವಳು ಹಾಡಿಕೊಂಡು ಓಡಾಡುತ್ತಿದ್ದದ್ದು, ಚಟ್ನಿಯ ಜಾಡಿಗಳು, ನೆಲದ ಮೇಲಿನ ಹೊಳೆಯುವ ಚೌಕ, ಸಂಘದಲ್ಲಿ ತಾನು ಆಡಿದ ಮಾತು, ಎಲ್ಲವನ್ನೂ ಬರೆದ. ಬೇಡ ಎಂದು ಬರೆದ, ಬಾ ಎಂದು ಬರೆದ, ಇಲ್ಲವಾದರೆ ನಾನೇ ಬರಲೇ ಎಂದು ಕೇಳಿದ. ಅವನ ಜನ್ಮದಲ್ಲಿ ಅಷ್ಟು ಉದ್ದದ ಮಾತನ್ನು ಅವನು ಯಾರಿಗೂ ಬರೆದಿರಲಿಲ್ಲ. ಕಳಿಸಿದ.

ಕೈ ಇನ್ನೂ ಕೀ ಮೇಲೆಯೇ ಇತ್ತು, ಉತ್ತರ ಬಂದೇಬಿಟ್ಟಿತು. ಅಷ್ಟು ಬೇಗ ಅದನ್ನು ಓದಲು ಯಾರಿಂದಲೂ ಆಗುವುದಿಲ್ಲ.

"ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು ಚಿನ್ನ."

ಚೆನ್ನಾಗಿ ಕಲಿತಿದ್ದಾಳೆ, ಎಲ್ಲೂ ತಪ್ಪಿಲ್ಲ ಎಂಬುದೇ ವುಕಾಶಿನ್‌ಗೆ ಮೊದಲು ಬಂದ ಯೋಚನೆ. ಎರಡನೆಯದು ಬರುವ ಹೊತ್ತಿಗೆ ಅವನು ಅಳುತ್ತಿದ್ದ.