ಕುಂಕುಮ ಹಚ್ಚಿದ ದಿಮ್ಮಿ

ಇರುವೆ ಪ್ಲಾಸ್ಟರಿನೊಳಗೆ ಹೋಯಿತು, ಕಣ್ಣೆದುರೇ ಹೋಯಿತು, ಕಪ್ಪಿರುವೆ, ಕಚ್ಚುವುದಿಲ್ಲ ಅನ್ನುತ್ತಾರೆ, ಆದರೂ ಒಳಗೆ ಏನು ಮಾಡುತ್ತಿದೆಯೋ, ಮೊಣಕಾಲಿನಿಂದ ಕೆಳಗೆ ಸುಣ್ಣದ ಗೋಡೆ ಕಟ್ಟಿಟ್ಟಿದ್ದಾರೆ, ಬೆರಳು ತೂರುವುದಿಲ್ಲ — ಮಲ್ಲವ್ವ ಇದ್ದಿದ್ದರೆ ತಲೆಯ ಪಿನ್ನು ಕೇಳಬಹುದಿತ್ತು, ಅವಳು ಚಿಮಣಿ ಎಣ್ಣೆಯ ಸಾಲಿನಲ್ಲಿ ನಿಂತಿದ್ದಾಳೆ, ಹೆಂಡತಿ ಡಬ್ಬಿ ಹಿಡಿದು ಬಿಸಿಲಲ್ಲಿ, ಗಂಡ ಮಂಚದ ಮೇಲೆ ಮಹಾರಾಜ. ಚಾಳಿನ ಹಿಂದೆ ಲೋಕಲ್ ರೈಲು ಹೋಯಿತು, ತಂಬಿಗೆ ನಡುಗಿತು, ಕಾಲೊಳಗಿನ ಉಕ್ಕಿನ ಸಳಿಯೂ ನಡುಗಿದಂತಾಯಿತು, ಮೂಳೆ ಕೂಡಲಿ ಅಂತ ಸಳಿ ಹಾಕಿದ್ದೇನೆ, ಎರಡು ಬೆರಳು ಹೋದವು, ಪಾದ ಉಳಿಯಿತಲ್ಲ, ದೇವರಿಗೆ ಕೈ ಮುಗಿ ಅಂದಿದ್ದ ಡಾಕ್ಟರ. ಮುಗಿದು ಮುಗಿದೇ ಹೀಗಾದದ್ದು, ಸಾಹೇಬಾ, ನಿನಗೇನು ಗೊತ್ತು. ಹೊರಗೆ ಚಪ್ಪಲಿಯ ಸದ್ದು — ಅಲ್ಲ, ಪಕ್ಕದ ಖೋಲಿಯವರು. ಮೌಲಾಲಿ ಕಾಕಾ ಬರುವ ಹೊತ್ತಾಯಿತು. ಬರಬಾರದು. ಬರಲಿ, ಬಂದರೆ ಇವತ್ತು ಹೇಳಿಯೇ ಬಿಡುತ್ತೇನೆ. ನಿನ್ನೆಯೂ ಹೀಗೇ ಅಂದುಕೊಂಡಿದ್ದೆ. ದಿನಾ ಬರುತ್ತಾನೆ, ಹೆಂಡತಿ ಬೀಬೀಜಾನ ಚಿಗವ್ವ ಕಟ್ಟಿಕೊಟ್ಟ ರೊಟ್ಟಿ ಹಿಡಿದು, ಕೆಲಸ ಕಳೆದುಕೊಂಡವನು, ಮಲಾಡದ ತನಕ ಕಾರ್ಖಾನೆಗಳ ಬಾಗಿಲು ಬಡಿದು ಬಂದು ನನ್ನ ಕಾಲ ಹತ್ತಿರ ಕೂರುತ್ತಾನೆ, ನೋವು ಕಡಿಮಿ ಆತೇನೋ ಭೀಮ್ಯಾ ಅಂತ ಕೇಳುತ್ತಾನೆ, ತಲೆ ಎತ್ತುವುದಿಲ್ಲ. ತನ್ನ ಕೈಯಿಂದಲೇ ಆಯಿತು ಅಂದುಕೊಂಡಿದ್ದಾನೆ ಪಾಪ, ಕಾರ್ಖಾನೆಯ ಶೇಠನ ಮುಂದೆಯೂ ಹಾಗೇ ಅಂದನಂತೆ, ಹೌದ್ರೀ, ನನ್ನ ಕೈ ಜಾರಿತು, ಅಚ್ಚು ವಾಲಿತು. ಅವನ ಕೈ ಜಾರಲಿಲ್ಲ. ನನಗೆ ಗೊತ್ತು. ಗೊತ್ತಿದ್ದೂ ರೊಟ್ಟಿ ಮುರಿಯುತ್ತೇನೆ, ನಾಚಿಕೆಗೆಟ್ಟ ಬಾಯಿ, ಶೇಂಗಾ ಹಿಂಡಿ ಬೇರೆ ಬೇಕು ಅನ್ನುತ್ತದೆ.

ದಸರೆಯ ಖಂಡೆ ಪೂಜೆಯ ದಿನ, ಬೆಳಿಗ್ಗೆ ನಾನೇ ಮಿಷನ್ನು ತೊಳೆದೆ, ಚೆಂಡು ಹೂವಿನ ಮಾಲೆ ಹಾಕಿದೆ, ಚೈನಿಗೆ ಕುಂಕುಮ, ಸುತ್ತಿಗೆಗೆ ಕುಂಕುಮ, ಆ ಕಟ್ಟಿಗೆಯ ದಿಮ್ಮಿಗೂ ಕುಂಕುಮ ಭಂಡಾರ ಬಳಿದು ತಲೆ ತಾಗಿಸಿದೆ, ದಿನಾ ನನ್ನ ಕಾಲು ಕಾಯುವುದು ಅದೇ ಅಲ್ಲವೇ. ತಾಟು ಒತ್ತುವ ಉಕ್ಕಿನ ಅಚ್ಚು ಬದಲಿಸುವಾಗ ಕಾಕಾ ಮಿಷನ್ನಿನ ಹಿಂದೆ ನಿಂತು ಚೈನ್ ಇಳಿಸಬೇಕು, ಮುಂದಿನದು ಅವನಿಗೆ ಕಾಣುವುದಿಲ್ಲ, ಮುಂದೆ ನಾನು ದಿಮ್ಮಿ ಇಟ್ಟಿರಬೇಕು, ಅಚ್ಚು ಅದರ ಮೇಲೆ ಕೂತುಕೊಳ್ಳಬೇಕು, ವರ್ಷಾನುಗಟ್ಟಲೆ ಹೀಗೇ, ಕೇಳುವುದಿಲ್ಲ ಹೇಳುವುದಿಲ್ಲ. ಪೂಜೆಯಾದ ಮೇಲೆ ಬನ್ನಿ ಕೊಡುವ ತನಕ ಹತ್ಯಾರ ಮುಟ್ಟಬಾರದು, ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತು, ನೆನಪು ಮಾಡಿದವನು ಕಾಕಾನೇ, ಬ್ಯಾಡೋ ಭೀಮ್ಯಾ, ಪೂಜಿ ಆಗೇದ, ನಾಳೆ ಮಾಡೂನು. ಶೇಠ ದೀಪಾವಳಿಯ ಮಾಲು ಅಂದ, ದುಪ್ಪಟ್ಟು ಕೂಲಿ ಅಂದ, ನಾನು ಹೂಂ ಅಂದೆ. ಹೂಂ ಅಂದವನು ಪೂಜೆ ಮರೆತು ಕೆಲಸವನ್ನಾದರೂ ಸರಿಯಾಗಿ ಮಾಡಬೇಕಿತ್ತು — ಇಲ್ಲ, ಭಕ್ತಿ ಬಂತು, ಪೂಜೆ ಮಾಡಿದ ಮಿಷನ್ನಿನ ಮುಂದೆ ಬೂಟು ಹಾಕಿಕೊಂಡು ಹೇಗೆ ನಿಲ್ಲುವುದು, ಬೂಟು ಹೊರಗೆ ಬಿಟ್ಟೆ, ಕುಂಕುಮ ಹಚ್ಚಿದ ದಿಮ್ಮಿಯ ಮೇಲೆ ಎಣ್ಣೆ ಮೆತ್ತಿದ ಕಬ್ಬಿಣ ಹೇಗೆ ಹೇರುವುದು, ದಿಮ್ಮಿಯನ್ನು ಎರಡೂ ಕೈಯಲ್ಲಿ ಎತ್ತಿ ಮೂಲೆಯ ದೇವರ ಫೋಟೋದ ಮುಂದೆ ಇಟ್ಟು ಬಂದೆ. ಕಾಕಾನಿಗೆ ಒಂದು ಮಾತು ಹೇಳಲಿಲ್ಲ. ದೇವರಿಗೆ ಅರ್ಧ, ಶೇಠನಿಗೆ ಅರ್ಧ, ಎಂಥಾ ಶಾಣ್ಯಾ ನಾನು! ಅವನು ದಿನದಂತೆ ಇಳಿಸಿದ, ದಿಮ್ಮಿ ಇದೆಯೆಂದು ಕೈ ಸಡಿಲಿಸಿದ, ಕೆಳಗೆ ಇದ್ದದ್ದು ನನ್ನ ಬರಿಗಾಲು. ಮೊದಲು ನೋವೇ ಆಗಲಿಲ್ಲ, ಆಮೇಲೆ ನನ್ನ ಗಂಟಲು ನನಗೇ ಗುರುತು ಸಿಗಲಿಲ್ಲ, ಕಾಕಾ ಕಾಕಾ ಅಂತ ಒದರುತ್ತಿದ್ದೇನೆ, ಅವನು ಬರುತ್ತಿಲ್ಲ, ಹನ್ನೆರಡು ಹೆಜ್ಜೆಯೂ ದೂರವಿಲ್ಲ, ಆದರೂ ತಡ ಮಾಡಿದ, ಆ ತಡಕ್ಕೆ ಎಷ್ಟು ಸಲ ಮನಸ್ಸಿನಲ್ಲೇ ಬೈದಿದ್ದೇನೆ ಅವನನ್ನು. ದವಾಖಾನೆಯಲ್ಲಿ ಶೇಠ, ಲಕಡಾ ತೋ ಉಧರೀಚ್ ಥಾ, ಮೈನೆ ದೇಖಾ, ಫಿರ್ ಕೈಸಾ ಹುವಾ? ದಿಮ್ಮಿ ಮಿಷನ್ನಿನ ಕೆಳಗೇ ಇತ್ತಂತೆ, ಕಣ್ಣಾರೆ ನೋಡಿದನಂತೆ, ಅದು ಅಲ್ಲಿಗೆ ಹೇಗೆ ಬಂತೆಂದು ಜ್ವರದಲ್ಲಿ ಯೋಚಿಸಲೂ ಇಲ್ಲ, ಬಂದದ್ದು ಒಳ್ಳೆಯದೇ ಆಯಿತು ಅನ್ನಿಸಿತು, ಚೈನ್ ಕಾಕಾನ ಕೈಯಲ್ಲಿತ್ತು ಅಂದುಬಿಟ್ಟೆ. ಸುಳ್ಳಲ್ಲ. ಚೈನ್ ಅವನ ಕೈಯಲ್ಲೇ ಇತ್ತು. ಇದಕ್ಕಿಂತ ಸುಳ್ಳು ಹೇಳಿದ್ದರೆ ಚಲೋ ಇತ್ತು. ಮರುದಿನ ಅವನ ಕೆಲಸ ಹೋಯಿತು, ಅದೇ ದಿನ ಸಂಜೆ ಬನ್ನಿ ಎಲೆ ಹಿಡಿದು ನನ್ನ ಹಾಸಿಗೆಯ ಹತ್ತಿರ ಬಂದ, ತಗೋ ಭೀಮ್ಯಾ, ಬಂಗಾರಧಂಗ ಇರೂನು ಅಂದ, ಎಲೆ ತಗೊಂಡೆ, ಕಣ್ಣು ಮುಚ್ಚಿಕೊಂಡೆ, ನಿದ್ದೆ ಬಂತು ಅಂದುಕೊಂಡು ಎದ್ದು ಹೋದ.

ಬಂದ. ಇವತ್ತು ರೊಟ್ಟಿಯ ಗಂಟು ದೊಡ್ಡದು, ನಾಳಿಗೂ ಆಗ್ತಾವ, ಮಲ್ಲವ್ವಗ ಹೇಳು, ರಾತ್ರಿ ಗಾಡಿಗೆ ಹೊಂಟೇವಿ ಅಂದ. ಎಲ್ಲಿಗೆ ಕಾಕಾ? ಮತ್ತೆಲ್ಲಿಗೋ, ಊರಿಗೆ, ಇಂಡಿಗೆ, ಇಲ್ಲಿ ಯಾರೂ ಕೆಲಸ ಕೊಡವಲ್ರು, ಕೈ ಜಾರಿದಾಂವ ಅಂತ ಎಲ್ಲಾ ಕಡೆ ಸುದ್ದಿ ಆಗೇದ. ಹೇಳು, ಈಗ ಹೇಳು, ಶೇಠ ಇನ್ನೂ ಕಾರ್ಖಾನೆಯಲ್ಲಿ ಇರುತ್ತಾನೆ, ರೈಲು ಗೇಟು ದಾಟಿದರೆ ಆಯಿತು, ಹೇಳಿದರೆ ಇವನು ಗಾಡಿ ಹತ್ತಬೇಕಾಗಿಲ್ಲ — ಕಾಕಾ, ಒಂದು ಮಾತು ಹೇಳಬೇಕಿತ್ತು. ಹೇಳೋ. ನೀರು ಕೊಡು ಅಂದೆ. ಕೊಟ್ಟ. ಕುಡಿದೆ, ಬಾಯಾರಿಕೆಯೇ ಇರಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಚೈನ್ ಕೆಲಸ ನನಗೇ ಕೊಡುತ್ತೇನೆ ಅಂದಿದ್ದಾನೆ ಶೇಠ, ನಿಂತಲ್ಲೇ ನಿಲ್ಲುವ ಕೆಲಸ, ಇವನ ಕೆಲಸ, ಅದೂ ಇವನ ಕಿವಿಗೆ ಬಿದ್ದಿದೆ, ಚಲೋ ಆತಪಾ ಅಂದ, ಚೈನ್ ಇಳಿಸುವಾಗ ಎಡಗೈ ಮ್ಯಾಲ ಇಟಗೋ, ನಡುವ ಒಂಚೂರು ಹಿಡೀತದ ಅದು, ಮತ್ತ ಪೂಜಿ ಆತಂತ ದಿಮ್ಮಿ ಒಯ್ದು ಮೂಲ್ಯಾಗ ಇಡಬ್ಯಾಡ, ಅವತ್ತ ಅದನ್ನ ಹೊಳ್ಳಿ ತಂದು ಮಿಷನ್ನಿನ ಬುಡಕ ಇಡೂದ್ರಾಗ ಅಂಗಿ ತುಂಬಾ ಕುಂಕುಮ ಹತ್ತಿ, ನಿನ್ನ ಚಿಗವ್ವ ಎಷ್ಟ ತಿಕ್ಕಿದ್ರೂ ಹೋಗವಲ್ದು. ಲೋಟ ನನ್ನ ಕೈಯಲ್ಲೇ ಇದೆ. ನಿನಗ ಗೊತ್ತಿತ್ತೇನ ಕಾಕಾ? ಗೊತ್ತಿಲ್ಲದ ಏನು, ದಿಮ್ಮಿ ತಗದಾಂವ ನೀನು ಅಂತ ತಿಳದ್ರ ಶೇಠ ದವಾಖಾನಿ ಖರ್ಚ ಕೊಡತಿದ್ದನೇನು, ಕಾಲ ಅಂತೂ ಹೋಗಿತ್ತು, ನೌಕರೀನೂ ಹೋಗೂದು ಬ್ಯಾಡ ಅಂದೆ. ಪ್ಲಾಸ್ಟರಿನ ಮೇಲೆ ಕೈಯಾಡಿಸಿದ, ಬರ್ತೀನಿ ಅಂದ. ಹೋಗುತ್ತಿದ್ದಾನೆ, ಕೂಗಿದರೆ ಕೇಳುತ್ತದೆ, ಇನ್ನೂ ಮೆಟ್ಟಿಲ ಮೇಲಿದ್ದಾನೆ, ಕೂಗು, ಶೇಠನ ಹತ್ತಿರ ಹೋಗೋಣ ನಡಿ ಅನ್ನು, ಹೆಗಲು ಕೊಟ್ಟರೆ ಒಂಟಿ ಕಾಲಲ್ಲೇ ಬರುತ್ತೇನೆ ಅನ್ನು — ನನ್ನ ಕೆಲಸ, ಮಲ್ಲವ್ವ, ಈ ಖೋಲಿ — ಇನ್ನೂ ಮೆಟ್ಟಿಲ ಮೇಲಿದ್ದಾನೆ, ನಾನು ಕಾರ್ಖಾನೆಯ ನೆಲದ ಮೇಲೆ ಬಿದ್ದು ಒದರುತ್ತಿದ್ದೇನೆ, ಕಾಕಾ ಕಾಕಾ, ಅವನು ಬರುತ್ತಿಲ್ಲ, ಮೂಲೆಗೆ ಓಡಿದ್ದಾನೆ, ದಿಮ್ಮಿಯನ್ನು ಎದೆಗವಚಿಕೊಂಡು ಬರುತ್ತಿದ್ದಾನೆ, ಅಂಗಿ ಕೆಂಪಾಗಿದೆ, ಮತ್ತೆ ಮೂಲೆಗೆ ಓಡುತ್ತಾನೆ, ಮತ್ತೆ ಎತ್ತುತ್ತಾನೆ, ಅಂಗಿ ಕೆಂಪಾಗಿದೆ, ನಾನು ಒದರುತ್ತಿದ್ದೇನೆ, ಒದರುತ್ತಿಲ್ಲ, ಬಾಯಿ ಮುಚ್ಚಿದೆ, ದಿಮ್ಮಿಯನ್ನು ಎದೆಗವಚಿಕೊಂಡು ಬರುತ್ತಿದ್ದಾನೆ, ಅಂಗಿ ಕೆಂಪಾಗಿದೆ